ಒಸಡಿಗೂ ಒಂದು ಮಾತು

ಬಾಯಿಯೊಳಗಿನ ಒಂದೊಂದು ಅವಯವಕ್ಕೂ ನಮ್ಮ ಕನ್ನಡ ಭಾಷೆ ಒಂದಲ್ಲ ಒಂದು ರೀತಿಯಲ್ಲಿ ಮರ್ಯಾದೆ ಸಲ್ಲಿಸಿದೆ. ಸಿಟ್ಟು ಬಂದವರು ಹಲ್ಲು ಕಡಿಯುತ್ತಾರೆ, ಹಗೆಯುಳ್ಳವರು ಹಲ್ಲು ಮಸೆಯುತ್ತಾರೆ, ಕೆಲಸವಾಗಬೇಕಾದವರು ಹಲ್ಲು ಗಿಂಜುತ್ತಾರೆ. ನಾಲಿಗೆ ಒಬ್ಬರಿಗೆ ಉದ್ದವಾಗಿರುತ್ತದೆ, ಇನ್ನೊಬ್ಬರಿಗೆ ಹರಿತವಾಗಿರುತ್ತದೆ, ಮತ್ತೊಬ್ಬರಿಗೆ ಹೊರಳುವುದೇ ಇಲ್ಲ. ತುಟಿ ಪಿಟಕ್ಕೆನ್ನದೆ ಕುಳಿತವರನ್ನು ಕಂಡು ಪಕ್ಕದವರು ತುಟಿ ಕೊಂಕಿಸುತ್ತಾರೆ. ಸಾಕ್ಷಾತ್ ಮೃತ್ಯುವಿಗೂ ನಾವು ಒಂದು ದವಡೆಯನ್ನು ದಯಪಾಲಿಸಿದ್ದೇವೆ. ಆದರೆ ಒಸಡು? ಹಗಲಿರುಳು ಹಲ್ಲುಗಳ ಬುಡವನ್ನು ತಬ್ಬಿ ಹಿಡಿದುಕೊಂಡು ನಿಂತಿರುವ ಆ ಬಡಪಾಯಿಗೆ ಒಂದೇ ಒಂದು ನುಡಿಗಟ್ಟಿನ ಭಾಗ್ಯವೂ ಒದಗಿಲ್ಲ. ಅದನ್ನು ಒಸಡು ಎಂದು ಬರೆಯಬೇಕೋ ವಸಡು ಎಂದು ಬರೆಯಬೇಕೋ ಎಂಬುದರಲ್ಲಿಯೂ ನಮ್ಮಲ್ಲಿ ಒಮ್ಮತವಿಲ್ಲ. ಬಹುಶಃ ಅದು ನೋಯದೆ ಇರುವುದೇ ಅದರ ದೌರ್ಭಾಗ್ಯ. ಹಲ್ಲು ನೊಂದರೆ ಮನೆಯಿಡೀ ಎದ್ದು ಕುಳಿತುಕೊಳ್ಳುತ್ತದೆ. ಒಸಡು ತನ್ನ ಕಷ್ಟವನ್ನು ಯಾರಿಗೂ ಹೇಳಿಕೊಳ್ಳದೆ ಒಳಗೊಳಗೇ ಸವೆಯುತ್ತದೆ. ನನ್ನ ಗಂಡನಂತೆ.

ಈ ಹೋಲಿಕೆಯನ್ನು ನಾನು ಹಗುರವಾಗಿ ಮಾಡುತ್ತಿಲ್ಲ, ಓದುಗರೇ. ನಾನು ಮುಂಬಯಿಯ ಸಾಂತಾಕ್ರೂಜಿನ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ವರ್ಷಕ್ಕೊಮ್ಮೆ ತಪ್ಪದೆ ಕರಿಹಲಗೆಯ ಮೇಲೆ ಒಂದು ದೊಡ್ಡ ಹಲ್ಲಿನ ಚಿತ್ರ ಬರೆದು, ಅದರ ಕಿರೀಟ, ಬೇರು, ಎನಾಮಲ್ ಎಲ್ಲಕ್ಕೂ ಬಾಣದ ಗುರುತು ಹಾಕಿ, ಕೊನೆಗೆ ಗುಲಾಬಿ ಬಣ್ಣದ ಸೀಮೆಸುಣ್ಣದಿಂದ ಒಸಡನ್ನು ತುಂಬಿ, ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಲಾಕೌಶಲಕ್ಕೆ ನಾನೇ ಬೆರಗಾಗುತ್ತಿದ್ದೆ. ಅಂಥ ವಿದುಷಿಯ ಮನೆಯಲ್ಲೇ, ಅವಳ ಮೂಗಿನಡಿಯಲ್ಲೇ ಎಂದರೂ ಸಲ್ಲುತ್ತದೆ, ಒಂದು ಜೊತೆ ಒಸಡು ಕುಸಿಯುತ್ತಿತ್ತು. ಅವಳಿಗೆ ಗೊತ್ತಾಗಲಿಲ್ಲ. ಅವಳು ಅದನ್ನು ದಾಂಪತ್ಯದ ಸಮಸ್ಯೆ ಎಂದು ತಿಳಿದಿದ್ದಳು.

ನಮ್ಮವರ ಹೆಸರು ಶ್ರೀಧರ. ಉಡುಪಿಯ ಕಡೆಯವರು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮ್ಯಾನೇಜರು. ನಾನು ಮೈಸೂರಿನವಳು, ಅಪ್ಪನ ಬ್ಯಾಂಕಿನ ನೌಕರಿಯ ಬೆನ್ನು ಹಿಡಿದು ಮುಂಬಯಿಗೆ ಬಂದವಳು. ನನ್ನ 'ಇದೆ'ಗೂ ಅವರ 'ಉಂಟು'ವಿಗೂ ಮದುವೆಯಾದ ಹೊಸದರಲ್ಲಿ ಸಣ್ಣಪುಟ್ಟ ಗಡಿವಿವಾದಗಳಾದವು. ಆಮೇಲೆ ಎರಡೂ ಒಂದೇ ಅಡುಗೆಮನೆಯಲ್ಲಿ ಹೊಂದಿಕೊಂಡವು. ನಮ್ಮವರು ಮಾತಿನ ಮನುಷ್ಯ. ಗಲ್ಲಾದಲ್ಲಿ ಕುಳಿತು ಬಂದವರನ್ನೆಲ್ಲ ಗುಜರಾತಿಯಲ್ಲಿ, ಮರಾಠಿಯಲ್ಲಿ, ತುಳುವಿನಲ್ಲಿ ಅವರವರಿಗೆ ತಕ್ಕಂತೆ ಮಾತಾಡಿಸಿ, ಸಾಲದೆಂಬಂತೆ ಸಂಜೆಯ ಲೋಕಲ್ ರೈಲು ಹಿಡಿದು ಮನೆಗೆ ಬಂದ ಮೇಲೆ ಅಷ್ಟನ್ನೂ ನನಗೆ ಕನ್ನಡದಲ್ಲಿ ಮರುಪ್ರಸಾರ ಮಾಡುತ್ತಿದ್ದರು. ದೋಸೆ ಸುಡುವವನು ಮುನಿಸಿಕೊಂಡದ್ದು, ಪ್ರತಿದಿನ ಒಂದೇ ಮೂಲೆಯ ಮೇಜಿಗೆ ಹಟ ಹಿಡಿಯುವ ಅಜ್ಜನೊಬ್ಬ ಆ ಮೇಜು ಖಾಲಿಯಾಗುವವರೆಗೆ ನಿಂತೇ ಕಾದದ್ದು, ಎಲ್ಲವೂ ನನಗೆ ಕಣ್ಣಾರೆ ಕಂಡಷ್ಟು ಪರಿಚಿತ. ಕೇಳುತ್ತಾ ಕೇಳುತ್ತಾ ಎಷ್ಟೋ ಸಲ ನಾನು ಆಕಳಿಸಿದ್ದುಂಟು. ಆಕಳಿಕೆಯೂ ಒಂದು ಸೌಭಾಗ್ಯವೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಹೋದ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಈ ಮರುಪ್ರಸಾರ ಕ್ರಮೇಣ ಕ್ಷೀಣಿಸತೊಡಗಿತು. ಮೊದಲು ಕಥೆಗಳು ಚಿಕ್ಕವಾದವು, ಆಮೇಲೆ ವಾಕ್ಯಗಳು ಚಿಕ್ಕವಾದವು, ಕೊನೆಗೆ "ಹ್ಞೂಂ" ಮತ್ತು "ಇಲ್ಲ" ಎಂಬ ಎರಡು ಪದಗಳಲ್ಲಿ ಅವರ ಇಡೀ ಶಬ್ದಸಂಪತ್ತು ಅಡಕವಾಯಿತು. ಚಹಾ ಕುಡಿಯುವಾಗ ಕಿಟಕಿಯತ್ತ ಮುಖ. ಟೀವಿಯಲ್ಲಿ ನಗುವ ಪ್ರಸಂಗ ಬಂದರೆ ಬಾಯಿಗೆ ಅಂಗೈ. ಸೋಫಾದಲ್ಲಿ ನಾನು ಈ ತುದಿಗೆ ಕುಳಿತರೆ ಅವರು ಆ ತುದಿಗೆ; ನಮ್ಮ ಹಾಲ್ ಎಂಬ ಹಾಲಿನಲ್ಲಿ ಅದಕ್ಕಿಂತ ದೂರ ಹೋಗಲು ಸ್ಥಳವಿಲ್ಲ, ಇದ್ದಿದ್ದರೆ ಹೋಗುತ್ತಿದ್ದರು. ಒಂದು ದಿನ ಫ್ಯಾನಿನ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ದಿಂಬು ಎತ್ತಿಕೊಂಡು ಹಾಲಿನ ದಿವಾನಕ್ಕೆ ವಲಸೆ ಹೋದರು. ಹಾಲಿನ ಫ್ಯಾನು ಕೋಣೆಯ ಫ್ಯಾನಿಗಿಂತ ಹೆಚ್ಚು ಸದ್ದು ಮಾಡುತ್ತದೆ.

ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, "ನೀನು ನಿಮ್ಮ ಬಿಲ್ಡಿಂಗಿನ ಸೊಸೈಟಿ ಕಮಿಟಿಗೆ ನಿಂತ್ಕೊಂಡೆಯಲ್ಲ, ಅದು ಅವರಿಗೆ ಹಿಡಿಸಿಲ್ಲ ಕಣೇ" ಎಂದಳು. ಮರುದಿನ ಆ ಸಿದ್ಧಾಂತವನ್ನು ಕೈಬಿಟ್ಟು, "ಗಂಡಸರಿಗೂ ಒಂದು ವಯಸ್ಸಲ್ಲಿ ಹಾಗಾಗುತ್ತಂತೆ" ಎಂದಳು. ಹೇಗಾಗುತ್ತದೆ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ನಾನಾದರೋ ವಿಜ್ಞಾನದ ಶಿಕ್ಷಕಿ. ಸಾಕ್ಷ್ಯಾಧಾರಗಳನ್ನು ಕ್ರಮಬದ್ಧವಾಗಿ ಪರಿಶೀಲಿಸಿ ನನ್ನದೇ ಒಂದು ನಿರ್ಣಯಕ್ಕೆ ಬಂದೆ. ನಾನು ಹತ್ತಿರ ಹೋದಾಗಲೆಲ್ಲ ಅವರು ಮುಖ ತಿರುಗಿಸುತ್ತಿದ್ದಾರೆ. ಅಂದಮೇಲೆ ದೋಷ ನನ್ನಲ್ಲಿದೆ. ಅಂದಮೇಲೆ ನಾನೇ ನಾರುತ್ತಿದ್ದೇನೆ!

ನಗಬೇಡಿ. ಅರವತ್ತರ ಹೊಸ್ತಿಲಲ್ಲಿರುವ ಹೆಂಗಸಿಗೆ ಇಂಥದೊಂದು ಸಂದೇಹ ಬಂದರೆ ಅವಳು ಯಾರನ್ನು ಕೇಳಬೇಕು? ತಲೆಗೆ ಹಚ್ಚುವ ಎಣ್ಣೆ ಬದಲಾಯಿಸಿದೆ. ಸಾರಿಗೆ ಇಂಗು ಹಾಕುವುದನ್ನು ಕಡಿಮೆ ಮಾಡಿ, ಸಾರಿನ ಮಾನ ಕಳೆದೆ. ಯಾವಾಗಲೂ ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಓಡಾಡತೊಡಗಿದೆ. ಅವರು ಮನೆಗೆ ಬಂದಾಗ ಬಾಗಿಲು ತೆರೆದು, ಉಸಿರು ಬಿಗಿಹಿಡಿದು, ಚೀಲ ತೆಗೆದುಕೊಂಡು ಒಳಗೆ ಓಡುತ್ತಿದ್ದೆ. ಹೀಗೆ ಸಾಂತಾಕ್ರೂಜಿನ ಮೂರನೆಯ ಮಹಡಿಯ ಒಂದು ಚಿಕ್ಕ ಮನೆಯಲ್ಲಿ ಇಬ್ಬರು ವೃದ್ಧಪ್ರಾಯರು, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗದಂತೆ, ಎದುರುಬದುರಾಗಿ ಮುಖ ತಿರುಗಿಸಿಕೊಂಡು ಒಂದು ಋತುಮಾನವನ್ನೇ ಕಳೆದೆವು. ಈಗ ಬರೆಯುವಾಗ ನಗು ಬರುತ್ತದೆ. ಆಗ ಎಷ್ಟೋ ಮಧ್ಯಾಹ್ನ ಅಡುಗೆಮನೆಯ ಕಟ್ಟೆಗೆ ಒರಗಿ ಅತ್ತಿದ್ದೇನೆ.

ಗುಟ್ಟು ರಟ್ಟಾದದ್ದು ಒಂದು ಭಾನುವಾರ, ಬಟ್ಟೆ ಒಣಗಿಸುವಾಗ. ನಮ್ಮವರ ಬಿಳಿ ಪಂಚೆಯ ಅಂಚಿನಲ್ಲಿ ತೆಳು ಕೆಂಪು ಕಲೆ. ಮುಖ ಒರೆಸಿಕೊಳ್ಳುವ ಟವೆಲಿನಲ್ಲೂ ಅಂಥದೇ. ಏನಿದೆಂದು ಕೇಳಿದರೆ, "ಎಂತ ಇಲ್ಲ, ಗಡ್ಡ ಮಾಡುವಾಗ ತಾಗಿತು" ಎಂದರು. ಎರಡು ದಿನದಿಂದ ಅವರು ಗಡ್ಡ ಮಾಡಿಕೊಂಡಿರಲಿಲ್ಲ. ಬಿಳಿ ಮುಳ್ಳುಗಳು ಕೆನ್ನೆಯ ಮೇಲೆ ಸಾಕ್ಷಿ ಹೇಳುತ್ತಿದ್ದವು. ಅಷ್ಟು ದಿನ ತಡೆದುಕೊಂಡಿದ್ದ ನನ್ನ ಸಹನೆ ಆ ಸುಳ್ಳಿನೊಂದಿಗೆ ಹರಿದುಹೋಯಿತು. ಒದ್ದೆ ಟವೆಲನ್ನು ಕೈಯಲ್ಲಿ ಹಿಡಿದುಕೊಂಡೇ ಅವರೆದುರು ನಿಂತೆ.

"ಏನ್ರೀ, ನೇರವಾಗಿ ಹೇಳಿಬಿಡಿ. ನನ್ನ ಹತ್ತಿರ ಕೂರೋಕೆ ನಿಮಗೆ ಅಸಹ್ಯವೇನು?"

ಅವರು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದರು. "ನಿನ್ನ ಹತ್ತಿರವಾ? ಎಂತ ಮಾತಾಡ್ತಿ ನೀನು?"

"ಮತ್ತೆ ಯಾಕೆ ಮುಖ ತಿರುಗಿಸ್ತೀರಿ? ಯಾಕೆ ಹೊರಗೆ ಮಲಗ್ತೀರಿ?"

ಅವರು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಆ ಅಂಗೈಗೇ ಹೇಳುವವರಂತೆ ಹೇಳಿದರು: "ವಾಸನೆ ಮಾರಾಯ್ತಿ. ನಂದು. ಬಾಯಿ ವಾಸನೆ."

ಆ ಒಂದು ವಾಕ್ಯ ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು. ಹಲ್ಲುಜ್ಜುವಾಗ ರಕ್ತ ಬರಲು ಶುರುವಾಗಿ ಬಹಳ ಕಾಲವಾಗಿತ್ತಂತೆ. ಬ್ರಶ್ಶು ತಾಗಿ ಗಾಯವಾಗುತ್ತಿದೆ ಎಂದುಕೊಂಡು ಬ್ರಶ್ಶನ್ನೇ ಬಿಟ್ಟು ಬೆರಳಿನಿಂದ ಪುಡಿ ತಿಕ್ಕತೊಡಗಿದರಂತೆ. ವಾಸನೆ ಹೆಚ್ಚಾಯಿತು. ಅದನ್ನು ಮುಚ್ಚಲು ಊಟದ ನಂತರ ಹಾಕುತ್ತಿದ್ದ ತಂಬಾಕಿನ ಪಾನನ್ನು ಬೆಳಿಗ್ಗೆಯೂ ಹಾಕತೊಡಗಿದರಂತೆ. ಕೆಳಗಿನ ಮುಂಹಲ್ಲುಗಳು ನಾಲಿಗೆ ತಾಗಿದರೆ ಅಲ್ಲಾಡುತ್ತವೆಯಂತೆ. ಇಷ್ಟೆಲ್ಲ ಆದರೂ ನೋವೆಂಬುದೇ ಇಲ್ಲದ್ದರಿಂದ ಸುಮ್ಮನಿದ್ದರು. ಒಂದು ದಿನ ಹಳೆಯ ಗಿರಾಕಿಯೊಬ್ಬರು ಬಿಲ್ಲು ಕೊಡಲು ಬಂದಾಗ ಇವರು ಎಂದಿನಂತೆ ಮುಂದಕ್ಕೆ ಬಾಗಿ ಕುಶಲ ವಿಚಾರಿಸಿದರು. ಆತ ಏನೂ ಹೇಳದೆ, ಮುಜುಗರದಿಂದ, ಕರವಸ್ತ್ರ ತೆಗೆದು ಮೂಗು ಒರೆಸಿಕೊಳ್ಳುವವನಂತೆ ನಟಿಸಿದ.

"ಅವ ಒಳ್ಳೆಯವ. ಬೈದಿದ್ರೆ ಆಗ್ತಿತ್ತು" ಎಂದರು ನಮ್ಮವರು. "ಅಂದಿನಿಂದ ಗಲ್ಲಾದಲ್ಲಿ ಬಾಯಿ ತೆರೀಲಿಕ್ಕೆ ಧೈರ್ಯ ಬರ್ಲಿಲ್ಲ. ಮನೇಲಿ ನಿನಗಾದ್ರೂ ಯಾಕೆ ತೊಂದ್ರೆ ಅಂತ ಹೊರಗೆ ಮಲಗಿದೆ."

ನಾನು ಏಲಕ್ಕಿಯ ವಿಷಯ ಹೇಳಿದೆ. ಅವರು ಅರ್ಥವಾಗದೆ ಒಂದು ಕ್ಷಣ ನೋಡಿ, ಅರ್ಥವಾದ ಮೇಲೆ ನಗಲು ಹೋಗಿ, ಮತ್ತೆ ಬಾಯಿಗೆ ಕೈ ಹಿಡಿದರು. ಆ ಕೈಯನ್ನು ನೋಡಿ ನನಗಾದ ಸಂಕಟವನ್ನು ಹೇಗೆ ಹೇಳಲಿ! ನಕ್ಕು ನಗಿಸಿ ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ ತನ್ನ ನಗುವನ್ನೇ ಕಳ್ಳಮಾಲಿನಂತೆ ಬಚ್ಚಿಡುತ್ತಿದ್ದರು.

ಡೆಂಟಿಸ್ಟರ ಬಳಿ ಹೋಗೋಣವೆಂದರೆ ಸುತರಾಂ ಒಪ್ಪಲಿಲ್ಲ. "ಪ್ರಾಯ ಆಯ್ತಲ್ಲ, ಬೀಳ್ತವೆ. ನನ್ನ ಅಪ್ಪನಿಗೂ ಹೀಗೇ ಬಿದ್ದದ್ದು. ಡಾಕ್ಟ್ರ ಹತ್ರ ಹೋದ್ರೆ ಎಲ್ಲ ಒಟ್ಟಿಗೆ ಕಿತ್ತು ಕೈಯಲ್ಲಿ ಕೊಡ್ತಾರೆ, ಅಷ್ಟೇ ವ್ಯತ್ಯಾಸ." ಮುಂಹಲ್ಲಿಲ್ಲದೆ ಗಲ್ಲಾದಲ್ಲಿ ಹೇಗೆ ಕೂರುವುದು ಎಂಬುದು ಅವರ ನಿಜವಾದ ಭಯ. ಅಕ್ಕ ಫೋನಿನಲ್ಲಿ ಲವಂಗದೆಣ್ಣೆ, ಉಪ್ಪುನೀರು, ಅರಿಶಿನ, ಮಾವಿನೆಲೆ ಎಂದು ಒಂದು ಅಂಗಡಿಯನ್ನೇ ಶಿಫಾರಸು ಮಾಡಿದಳು. ಉಪ್ಪುನೀರು ಮುಕ್ಕಳಿಸಿದಾಗ ಹಾಯೆನಿಸಿತು. ಅಲ್ಲಾಡುವ ಹಲ್ಲು ಮಾತ್ರ ಅಲ್ಲಾಡುತ್ತಲೇ ಇತ್ತು. ಕೊನೆಗೆ ನಾನೊಂದು ಉಪಾಯ ಹೂಡಿದೆ. ನನಗೆ ಹಲ್ಲುನೋವೆಂದು ಕೆನ್ನೆ ಹಿಡಿದು ಕುಳಿತೆ. ನನ್ನ ಜೊತೆಗಾದರೂ ಬನ್ನಿ ಎಂದೆ. ಅದಕ್ಕೆ ಅವರು ಇಲ್ಲವೆನ್ನುವಂತಿರಲಿಲ್ಲ.

ವಿಲೆ ಪಾರ್ಲೆಯ ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಬಿಲ್ಡಿಂಗಿನ ಕೆಳಅಂತಸ್ತಿನಲ್ಲಿ ಆ ಕ್ಲಿನಿಕ್. ಡಾಕ್ಟರ್ ಶ್ರೇಯಾ ಎಂಬ ಹುಡುಗಿ, ಒಸಡಿನ ಚಿಕಿತ್ಸೆಯಲ್ಲೇ ವಿಶೇಷವಾಗಿ ಓದಿದವಳು, ನಮ್ಮ ಮಾತು ಕಿವಿಗೆ ಬಿದ್ದದ್ದೇ ಮುಖವರಳಿಸಿ, "ಆಂಟಿ, ಕನ್ನಡಾನಾ? ನನ್ನ ಅಜ್ಜಿ ಮನೇಲಿ ಕನ್ನಡ. ನಂಗೆ ಸಮಝ್ ಆಗ್ತದೆ, ಮಾತಾಡೋದು ಥೋಡಾ ವೀಕ್" ಎಂದಳು. ನಾನು ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದೆ. ಅವಳು ಪುಟ್ಟ ಕನ್ನಡಿ ಹಿಡಿದು ಇಣುಕಿದಳು. ನೋವಿನ ಹಲ್ಲು ಯಾವುದೆಂದು ಕೇಳಿದಾಗ ನಾನು ಸುಮ್ಮನೆ ಎಲ್ಲೋ ತೋರಿಸಿದೆ.

"ಅದು ಚೆನ್ನಾಗಿದೆ ಆಂಟಿ. ಆದ್ರೆ ನಿಮ್ಮ ಮಸೂಡೆ... ಕನ್ನಡದಲ್ಲಿ ಏನು ಹೇಳ್ತಾರೆ ಇದಕ್ಕೆ?"

"ಒಸಡು" ಎಂದೆ, ಬಾಯಿ ತೆರೆದುಕೊಂಡೇ. ಅದು 'ಅಅಉ' ಎಂದು ಕೇಳಿಸಿತು. ಮೂಲೆಯ ಬೆಂಚಿನಿಂದ ನಮ್ಮವರು, "ಒಸಡು, ಒಸಡು" ಎಂದು ಸ್ಪಷ್ಟಪಡಿಸಿದರು.

"ಹಾಂ, ಒಸಡು. ಅದು ಊದಿದೆ. ಇಲ್ಲಿ ಮುಟ್ಟಿದ್ರೆ ರಕ್ತ ಬರ್ತಾ ಇದೆ. ನೀವು ರಾತ್ರಿ ಬ್ರಶ್ ಮಾಡೋದಿಲ್ಲ, ಅಲ್ವಾ?"

ಇಡೀ ಶಾಲೆಗೆ ರಾತ್ರಿ ಮಲಗುವ ಮುನ್ನ ಹಲ್ಲುಜ್ಜಬೇಕೆಂದು ಬೋಧಿಸಿದ ನಾನು, ಕುರ್ಚಿಯಲ್ಲಿ ಅಂಗಾತ ಮಲಗಿ, ದೀಪದ ಬೆಳಕಿನಲ್ಲಿ ಕಣ್ಣು ಮುಚ್ಚಿಕೊಂಡೆ. ನಮ್ಮವರ ಕಡೆಯಿಂದ ಒಂದು ಸದ್ದು ಬಂತು. ಬಹುಕಾಲದ ನಂತರ ಕೇಳಿದ ಸದ್ದು, ಅವರು ನಕ್ಕಿದ್ದರು. ನನ್ನದು ಇನ್ನೂ ಆರಂಭದ ಹಂತ, ಒಮ್ಮೆ ಚೊಕ್ಕಟ ಮಾಡಿಸಿ ಸರಿಯಾಗಿ ಉಜ್ಜಿದರೆ ಪೂರ್ತಿ ಗುಣವಾಗುತ್ತದೆ ಎಂದಳು ಹುಡುಗಿ. ನಾನು ಅಪರಾಧಿಯಂತೆ ಕುರ್ಚಿಯಿಂದಿಳಿದೆ. ನನ್ನ ಮಾನಭಂಗದಿಂದ ಚೈತನ್ಯ ತುಂಬಿಕೊಂಡ ನಮ್ಮವರು, ಯಾರೂ ಕರೆಯದೆ, ತಾವಾಗಿಯೇ ಬಂದು ಕುರ್ಚಿಯಲ್ಲಿ ಕುಳಿತು, "ನಂದೂ ಒಂದು ನೋಡಿ ಡಾಕ್ಟ್ರೇ" ಎಂದರು. ನನ್ನ ಉಪಾಯ ಫಲಿಸಿತೆಂದು ಹೇಳಿಕೊಳ್ಳಲು ಆಸೆ. ಆದರೆ ನಾನು ಹೂಡಿದ ರೀತಿಯಲ್ಲಿ ಅದು ಫಲಿಸಲಿಲ್ಲ.

ಅವರ ಬಾಯಿ ನೋಡಿದ ಮೇಲೆ ಶ್ರೇಯಾ ತಮಾಷೆ ನಿಲ್ಲಿಸಿದಳು. ತೆಳ್ಳಗಿನ ಒಂದು ಕಡ್ಡಿಯನ್ನು ಒಸಡಿಗೂ ಹಲ್ಲಿಗೂ ನಡುವಿನ ಸಂದಿಯಲ್ಲಿ ಇಳಿಸಿ, ಆಳ ಎಷ್ಟೆಂದು ಸಹಾಯಕಿಗೆ ಒಂದೊಂದಾಗಿ ಕೂಗಿ ಹೇಳುತ್ತಾ ಹೋದಳು. "ಮೂರು, ಐದು, ಆರು... ಏಳು." ಹೋಟೆಲಿನಲ್ಲಿ ಟೇಬಲ್ ನಂಬರು ಕೂಗಿದ ಹಾಗಿತ್ತು ಎಂದು ನಮ್ಮವರು ಆಮೇಲೆ ಹೇಳಿದರು, ಯಾವ ಟೇಬಲಿನ ಸುದ್ದಿಯೂ ಚೆನ್ನಾಗಿರಲಿಲ್ಲ. ಎಕ್ಸ್-ರೇ ತೆಗೆದು ನಮಗಿಬ್ಬರಿಗೂ ತೋರಿಸಿದಳು. ಹಲ್ಲಿನ ಮೇಲೆ ಕುಳಿತ ಅಂಟು ಗಟ್ಟಿಯಾಗಿ ಗಾರೆಯಂತಾಗಿ ಒಸಡಿನ ಅಡಿಗೆ ಇಳಿದಿದೆ. ಒಸಡು ಬೆದರಿ ಹಲ್ಲನ್ನು ಬಿಟ್ಟು ಹಿಂದೆ ಸರಿದಿದೆ. ಹಲ್ಲನ್ನು ಹಿಡಿದಿರುವ ಮೂಳೆಯೂ ಸವೆದಿದೆ.

"ಎಲ್ಲ ಕೀಳ್ತೀರಾ?" ಎಂದರು ನಮ್ಮವರು. ಆ ಧ್ವನಿಯನ್ನು ನಾನು ಮೊದಲು ಕೇಳಿರಲಿಲ್ಲ.

"ಯಾಕೆ ಕೀಳ್ಬೇಕು ಅಂಕಲ್? ಹಿಂದಿನ ಒಂದು ದವಡೆ ಹಲ್ಲು ಕೆಟ್ಟುಹೋಗಿದೆ, ಅದನ್ನ ತೆಗೀಬೇಕು. ಬಾಕಿ ಎಲ್ಲ ಬಚಾಯಿಸ್ತೀನಿ. ಹೋದ ಮೂಳೆ ಮೊದಲಿನ ಹಾಗೆ ವಾಪಸ್ ಬರೋದಿಲ್ಲ, ಝೂಟ್ ಹೇಳೋದಿಲ್ಲ. ಆದ್ರೆ ಇನ್ನು ಮುಂದೆ ಹೋಗೋದನ್ನ ನಿಲ್ಲಿಸ್ಬಹುದು. ನೀವು ಸಾಥ್ ಕೊಡ್ಬೇಕು, ಅಷ್ಟೇ."

ಸಾಥ್ ಎಂದರೆ ಏನೇನು ಎಂಬುದು ಆಮೇಲೆ ತಿಳಿಯಿತು. ತಂಬಾಕನ್ನು ಪೂರ್ತಿ ಬಿಡಬೇಕು. ರಕ್ತದ ಸಕ್ಕರೆ ಪರೀಕ್ಷಿಸಬೇಕು; ಪರೀಕ್ಷಿಸಿದರೆ, ಅದೂ ಯಾರಿಗೂ ಹೇಳದೆ ಏರಿ ಕುಳಿತಿತ್ತು. ಸಕ್ಕರೆ ಹೆಚ್ಚಾದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಎರಡೂ ಒಬ್ಬರನ್ನೊಬ್ಬರು ಎತ್ತಿಕಟ್ಟುವ ನೆರೆಹೊರೆಯವರಂತೆ ಎಂದು ನಮ್ಮ ಫ್ಯಾಮಿಲಿ ಡಾಕ್ಟರು ಹೇಳಿ ಮಾತ್ರೆ ಶುರುಮಾಡಿದರು. ಇನ್ನು ಬ್ರಶ್ಶು. ರಕ್ತ ಬಂತೆಂದು ಉಜ್ಜುವುದನ್ನು ಬಿಟ್ಟದ್ದೇ ದೊಡ್ಡ ತಪ್ಪು, ಕೊಳೆ ಇರುವವರೆಗೂ ರಕ್ತ ಬರುತ್ತದೆ, ಕೊಳೆ ಹೋದರೆ ರಕ್ತವೂ ನಿಲ್ಲುತ್ತದೆ ಎಂದು ಶ್ರೇಯಾ ಬಿಡಿಸಿ ಹೇಳಿದಳು. ಮೃದುವಾದ ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಪಾತ್ರೆ ಬೆಳಗುವಂತಲ್ಲದೆ ಮಗುವಿನ ಕೆನ್ನೆ ಸವರುವಂತೆ ಸಣ್ಣಗೆ ಸುತ್ತಿಸಬೇಕು. ಹಲ್ಲುಗಳ ಸಂದಿಗೆ ಬೇರೆಯೇ ಒಂದು ಪುಟಾಣಿ ಬ್ರಶ್ಶು. ಪ್ಲಾಸ್ಟಿಕ್ಕಿನ ದೊಡ್ಡ ದವಡೆಯೊಂದನ್ನು ಕೈಗೆ ಕೊಟ್ಟು ನಮ್ಮಿಬ್ಬರಿಂದಲೂ ಮಾಡಿಸಿ ನೋಡಿದಳು. ನಮ್ಮವರು ಮೊದಲ ಸಲಕ್ಕೇ ಪಾಸಾದರು. ನನಗೆ ಎರಡನೆಯ ಅವಕಾಶ ಬೇಕಾಯಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದರೆ ನೀವು ನಂಬುವುದೂ ಬೇಡ. ದವಡೆ ಹಲ್ಲು ತೆಗೆದದ್ದು ಸುಲಭವಾಗಿ ಮುಗಿಯಿತು. ಆಮೇಲೆ ಒಂದು ಬದಿಗೆ ಮರಗಟ್ಟುವ ಸೂಜಿ ಕೊಟ್ಟು, ಒಸಡಿನ ಅಡಿಯ ಗಾರೆಯನ್ನು ಕೆರೆದು ತೆಗೆದಳು. ಅಲ್ಲಾಡುವ ಮುಂಹಲ್ಲುಗಳ ಹಿಂಬದಿಗೆ ತೆಳುವಾದ ತಂತಿ ಅಂಟಿಸಿ ಒಂದಕ್ಕೊಂದು ಆಸರೆ ಮಾಡಿದಳು. ಕೆಲವು ದಿನಗಳಲ್ಲಿ ಊತ ಇಳಿಯಿತು. ಊತ ಇಳಿದದ್ದೇ ತಡ, ಅದರಡಿಯಲ್ಲಿ ಮುಚ್ಚಿಹೋಗಿದ್ದ ಸತ್ಯ ಹೊರಬಿತ್ತು: ಹಲ್ಲುಗಳು ಉದ್ದುದ್ದ ಕಾಣಿಸಿದವು, ನಡುನಡುವೆ ಕಪ್ಪು ಸಂದಿಗಳು, ತಣ್ಣೀರು ತಾಗಿದರೆ ಜುಮ್ಮೆನ್ನುವುದು. ನಮ್ಮವರು ಕನ್ನಡಿಯ ಮುಂದೆ ತುಂಬ ಹೊತ್ತು ನಿಂತರು.

"ಮೊದಲೇ ಚೆಂದ ಇತ್ತು. ಈಗ ನೋಡು, ಬಾಚಣಿಗೆ ಹಾಗೆ ಆಗಿದೆ" ಎಂದರು. ಆ ದಿನಗಳಲ್ಲೇ ತಂಬಾಕು ಬಿಟ್ಟ ಚಡಪಡಿಕೆ ಬೇರೆ. ಉಪ್ಪಿಗೆ ಸಿಟ್ಟು, ಪೇಪರಿಗೆ ಸಿಟ್ಟು, ಲಿಫ್ಟು ಕೆಟ್ಟರೆ ನನ್ನ ಮೇಲೆ ಸಿಟ್ಟು, ಏಕೆಂದರೆ ಸೊಸೈಟಿ ಕಮಿಟಿಯಲ್ಲಿರುವುದು ನಾನು. ಒಂದು ಸಂಜೆ ಗ್ರಾಂಟ್ ರೋಡ್ ಸ್ಟೇಷನ್ನಿನ ಹೊರಗೆ ಕಾಲು ತಾನಾಗಿ ನಿಂತು ಪಾನ್ ಕಟ್ಟಿಸಿಕೊಂಡೆನೆಂದು ಮನೆಗೆ ಬಂದು ತಾವೇ ಹೇಳಿದರು. ಕೆರೆದು ತೆಗೆಯಬೇಕಾದ ಇನ್ನೊಂದು ಬದಿ ಹಾಗೇ ಉಳಿದಿತ್ತು. ಆ ಸರದಿಯ ದಿನ ಹೋಟೆಲಿನಲ್ಲಿ ಜನ ಜಾಸ್ತಿಯೆಂದು ಹೋಗಲಿಲ್ಲ. ಎಲ್ಲ ಅಲ್ಲಿಗೇ ನಿಲ್ಲುತ್ತದೆಂದು ನನಗೆ ಹೆದರಿಕೆಯಾಯಿತು. ನಾನು ಹೇಳಿದರೆ ಜಗಳವಾಗುತ್ತದೆ. ಹೇಳದಿದ್ದರೆ ಹಲ್ಲು ಹೋಗುತ್ತದೆ.

ಮರುದಿನ ಶ್ರೇಯಾಳೇ ಅವರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವಳ ದನಿ ತಡವರಿಸುತ್ತಾ ಕೇಳಿಸಿತು.

"ಅಂಕಲ್, ಯಾಕೆ ಬರ್ಲಿಲ್ಲ?"

"ಚೆಂದ ಕಾಣುದಿಲ್ಲಮ್ಮ. ಸಂದಿ ಸಂದಿ ಆಗಿದೆ."

"ಅದು ಊತ ಹೋಗಿದ್ದಕ್ಕೆ. ಊತ ಇದ್ದಾಗ ಒಸಡು... ಒಸಡು ತಾನೇ ಶಬ್ದ? ಹಾಂ, ಒಸಡು ಮೋಟಾ ಇತ್ತು, ಬೀಮಾರ್ ಇತ್ತು. ಈಗ ಠೀಕ್ ಆಗ್ತಾ ಇದೆ, ಅದಕ್ಕೇ ಸಣ್ಣ ಆಯ್ತು. ಸಂದಿ ಕಾಣ್ಲಿ ಅಂಕಲ್. ಹಲ್ಲು ನಿಮ್ದೇ ಅಲ್ವಾ?"

ಆಮೇಲೆ ಅವಳೇ ಮೆಲ್ಲಗೆ, "ಪಾನ್ ಹಾಕಿದ್ರಾ?" ಎಂದಳು.

"ಒಂದು ಹಾಕಿದೆ."

"ಓಕೆ. ಒಂದು ಹಾಕಿದ್ದು ಹಾಕಿದ್ರಿ. ಇವತ್ತಿಂದ ಫಿರ್ ಸೆ ಶುರು. ನಾಳೆ ಬನ್ನಿ."

ಅಷ್ಟೇ. ಬೈಗುಳವಿಲ್ಲ, ಉಪದೇಶವಿಲ್ಲ. ಅರೆಬರೆ ಕನ್ನಡದಲ್ಲಿ ಆ ಹುಡುಗಿ ಹೇಳಿದ 'ಹಲ್ಲು ನಿಮ್ದೇ ಅಲ್ವಾ' ಎಂಬ ಮಾತು ನಮ್ಮವರ ಮನಸ್ಸಿನಲ್ಲಿ ಹೇಗೆ ಕುಳಿತಿತೋ. ಮರುದಿನ ಹೋಟೆಲಿಗೆ ಅರ್ಧ ದಿನ ರಜೆ ಹೇಳಿ, ನನ್ನನ್ನೂ ಕರೆಯದೆ, ಒಬ್ಬರೇ ಪಾರ್ಲೆಗೆ ಹೋಗಿ ಬಂದರು. ಕೆನ್ನೆ ಮರಗಟ್ಟಿದ್ದರಿಂದ ಮಾತು ತೊದಲುತ್ತಿತ್ತು. ತೊದಲುತ್ತಲೇ ನನಗೆ ಅರ್ಧ ಗಂಟೆ ಕಥೆ ಹೇಳಿದರು: ಕ್ಲಿನಿಕ್ಕಿನಲ್ಲಿ ಕಂಡ ಮುದುಕಿಯ ಕಥೆ, ಅವಳ ಕಟ್ಟಿಸಿದ ಹಲ್ಲಿನ ಕಥೆ, ಆ ಹಲ್ಲು ಚೀಲದಲ್ಲಿ ಕಳೆದುಹೋಗಿ ಸಿಕ್ಕಿದ ಕಥೆ. ಅರ್ಧಕ್ಕರ್ಧ ಪದಗಳು ನೆಟ್ಟಗೆ ತಿಳಿಯಲಿಲ್ಲ. ನಾನು ಒಂದೇ ಒಂದು ಸಲವೂ ಆಕಳಿಸದೆ ಕೇಳಿದೆ.

ಒಂದು ಮುಂಜಾನೆ ಬಾತ್‌ರೂಮಿನಿಂದ "ಸುಮತೀ, ಇಲ್ಲಿ ಬಾ, ಬೇಗ ಬಾ" ಎಂಬ ಕೂಗು ಕೇಳಿ, ಜಾರಿ ಬಿದ್ದರೋ ಏನೋ ಎಂದು ಸೌಟು ಹಿಡಿದುಕೊಂಡೇ ಓಡಿದೆ. ನಮ್ಮವರು ಬೇಸಿನ್ನಿನತ್ತ ಬೆರಳು ತೋರಿಸಿ ವಿಜಯಿಯಂತೆ ನಿಂತಿದ್ದರು. ಉಗುಳಿದ ನೊರೆ ಅಚ್ಚ ಬಿಳಿಯಾಗಿತ್ತು. ಕೆಂಪಿನ ಒಂದು ಎಳೆಯೂ ಇರಲಿಲ್ಲ. ಇಷ್ಟು ವರ್ಷದ ದಾಂಪತ್ಯದಲ್ಲಿ ಅವರು ನನಗೆ ತೋರಿಸಿದ ಸಮುದ್ರ, ಸೂರ್ಯಾಸ್ತ, ದೀಪಾವಳಿಯ ಬಾಣಬಿರುಸು ಯಾವುದನ್ನೂ ನಾವಿಬ್ಬರೂ ಅಷ್ಟು ತನ್ಮಯರಾಗಿ ನಿಂತು ನೋಡಿದ್ದು ನನಗೆ ನೆನಪಿಲ್ಲ.

ಆ ವಾರವೇ ದಿಂಬು ಕೋಣೆಗೆ ಮರಳಿತು. ಫ್ಯಾನಿನ ಸದ್ದಿನ ಬಗ್ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮಾತೂ ಮರಳಿತು, ಬಡ್ಡಿ ಸಮೇತ. ಈಗ ಅವರು ಗಲ್ಲಾದಲ್ಲಿ ಕುಳಿತು ಗಿರಾಕಿಗಳಿಗೆ ಹಲ್ಲಿನ ಸಂದಿ ಚೊಕ್ಕಟ ಮಾಡುವ ವಿಧಾನವನ್ನು ಅಭಿನಯಿಸಿ ತೋರಿಸುತ್ತಾರಂತೆ. ಊಟ ಮಾಡುತ್ತಿರುವವರೆದುರು ಇದು ಬೇಡವೆಂದು ಮಾಲೀಕರು ವಿನಂತಿಸಿಕೊಂಡಿದ್ದಾರೆ. ದೋಸೆ ಸುಡುವವನನ್ನು ಹಿಡಿದು ಪಾರ್ಲೆಗೆ ಕಳಿಸಿದ್ದಾರೆ. ಅಕ್ಕನಿಗೆ ಫೋನಿನಲ್ಲೇ ಬ್ರಶ್ಶಿನ ಓರೆಕೋನ ವಿವರಿಸಿ, ಮಾವಿನೆಲೆಯನ್ನು ಬಾಗಿಲ ತೋರಣಕ್ಕಷ್ಟೇ ಇಟ್ಟುಕೊಳ್ಳುವಂತೆ ಮನವೊಲಿಸಿದ್ದಾರೆ. ರಾತ್ರಿಯ ಊಟವಾದ ಮೇಲೆ ನಾನು ಸುಮ್ಮನೆ ಮಲಗಲು ಹೊರಟರೆ ಬಾಗಿಲಿಗೆ ಅಡ್ಡ ನಿಂತು, "ಟೀಚರ್, ಆಯ್ತಾ?" ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಬೇಸಿನ್ನಿನತ್ತ ನಡೆಯುತ್ತೇನೆ.

ಮೊನ್ನೆ ಮರುಪರೀಕ್ಷೆಗೆಂದು ಇಬ್ಬರೂ ಪಾರ್ಲೆಗೆ ಹೋಗಿದ್ದೆವು. ನನ್ನದು ಬೇಗ ಮುಗಿಯಿತು. "ಆಂಟಿ, ಪಾಸ್" ಎಂದಳು ಶ್ರೇಯಾ. ಅವರ ಸರದಿ ಬಂದಾಗ ಕಡ್ಡಿ ಇಳಿಸಿ ಮತ್ತೆ ಅಂಕಿಗಳನ್ನು ಕೂಗತೊಡಗಿದಳು. ನಾನು ಬೆಂಚಿನ ಮೇಲೆ ಪರೀಕ್ಷೆಯ ಫಲಿತಾಂಶ ಕೇಳುವವಳಂತೆ ಸೆರಗು ಹಿಂಡುತ್ತಾ ಕುಳಿತೆ. ಎರಡು, ಮೂರು, ಮೂರು, ಎರಡು. ಒಂದೆರಡು ಕಡೆ ನಾಲ್ಕು, ಒಂದು ಕಡೆ ಇನ್ನೂ ಐದು. ಆ ಐದರ ಬಳಿ ಮತ್ತೊಮ್ಮೆ ಚೊಕ್ಕಟ ಮಾಡಬೇಕು, ಕೆಲವು ತಿಂಗಳಿಗೊಮ್ಮೆ ತಪ್ಪದೆ ಬರುತ್ತಲೇ ಇರಬೇಕು, ಇದು ಮುಗಿಯುವ ಕೆಲಸವಲ್ಲ, ನಡೆಸಿಕೊಂಡು ಹೋಗುವ ಕೆಲಸ ಎಂದಳು. ಸಂಸಾರದ ಬಗ್ಗೆ ಹೇಳುತ್ತಿದ್ದಾಳೋ ಎಂದು ನಾನು ಒಂದು ಕ್ಷಣ ಗಲಿಬಿಲಿಗೊಂಡೆ. ಮುಂಹಲ್ಲುಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, "ಗಟ್ಟಿ ಇವೆ ಅಂಕಲ್" ಎಂದಾಗ ನಮ್ಮವರು ಕೈಮುಗಿದರು. ಅವಳು ನಾಚಿ ಗ್ಲೌಸು ಕಳಚಿದಳು.

ಮನೆಗೆ ಮರಳಲು ಆಟೋ ಹಿಡಿದೆವು. ಸಂಜೆಯ ಹೊತ್ತು, ದಾರಿಯಲ್ಲಿ ವಾಹನಗಳು ಒಂದರ ಬೆನ್ನಿಗೆ ಒಂದು ಒತ್ತಿಕೊಂಡು ನಿಂತಿದ್ದವು. ವಿಮಾನವೊಂದು ನೆತ್ತಿಯ ಮೇಲೆಯೇ ಇಳಿದುಹೋಯಿತು. ಆ ಸದ್ದು ಅಡಗಿದ ಮೇಲೆ ನಮ್ಮವರು ನನ್ನ ಕಡೆಗೆ ಸರಿದು, ಡ್ರೈವರನಿಗೆ ಕೇಳಿಸದಂತೆ, "ಸುಮತಿ, ಒಂದು ಕೇಳ್ತೇನೆ. ನಿಜ ಹೇಳ್ಬೇಕು" ಎಂದರು. ಮುಖವನ್ನು ನನ್ನ ಮುಖದ ತೀರ ಸಮೀಪಕ್ಕೆ ತಂದು, ಕೈ ಅಡ್ಡ ಹಿಡಿಯದೆ, ಬಾಯಿ ತೆರೆದು ನೀಳವಾಗಿ ಉಸಿರು ಬಿಟ್ಟರು.

"ಈಗ ವಾಸನೆ ಉಂಟಾ?"

ಅವರ ಕಣ್ಣುಗಳಲ್ಲಿ ಮರುಪರೀಕ್ಷೆಗಿಂತ ದೊಡ್ಡ ಪರೀಕ್ಷೆಯ ಅಳುಕು ಇತ್ತು. ನನಗೆ ಉತ್ತರ ತಕ್ಷಣ ಗೊತ್ತಾಗಿತ್ತು.

"ಇರಿ, ಸರಿಯಾಗಿ ತಿಳೀಲಿಲ್ಲ. ಇನ್ನೊಂದ್ಸಲ" ಎಂದೆ.

ಅವರು ಇನ್ನೂ ಹತ್ತಿರ ಬಂದರು. ಸಿಗ್ನಲ್ ಹಸಿರಾಗಿ, ಹಿಂದಿನವರೆಲ್ಲ ಹಾರ್ನ್ ಬಾರಿಸತೊಡಗಿ, ಆಟೋ ಕುಲುಕುತ್ತಾ ಹೊರಟಿತು.

"ಈಗ?"

"ಇನ್ನೂ ಗೊತ್ತಾಗ್ತಿಲ್ಲ ಕಣ್ರೀ" ಎಂದೆ.